ಕರೆದರೆ ಬರುವ ಗಂಡ

ಗಂಡ ಮನೆಯಲ್ಲೇ ಕೂತು ಕೆಲಸ ಮಾಡುತ್ತಾನೆಂದು ಅಕ್ಕಪಕ್ಕದವರಿಗೆಲ್ಲ ಹೊಟ್ಟೆಕಿಚ್ಚು. "ನಿಮಗೇನು ಬಿಡಿ, ಮಾತಿಗೆ ಜನ ಇದ್ದಾರೆ" ಎನ್ನುತ್ತಿದ್ದರು. ಜನ ಇದ್ದದ್ದು ನಿಜ, ಕಿವಿ ಇರಲಿಲ್ಲ. ಅವನ ಎರಡು ಕಿವಿಗಳ ಮೇಲೂ ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ವಿರಾಜಮಾನವಾಗಿರುತ್ತಿತ್ತು. ಕುಕ್ಕರ್ ಕೆಟ್ಟದ್ದು, ಅಕ್ಕ ಫೋನ್ ಮಾಡಿ ಅತ್ತದ್ದು, ತನಗೆ ಮಂಡಿನೋವು ಶುರುವಾದದ್ದು, ಎಲ್ಲವನ್ನೂ ಅವಳು ಫ್ರಿಜ್ಜಿಗೆ ಹೇಳಿಕೊಳ್ಳುತ್ತಿದ್ದಳು. (ಅದು ಕೊನೆಪಕ್ಷ ಗುಂಯ್ ಎನ್ನುತ್ತಿತ್ತು.)

ಅವನು ತಯಾರಿಸುತ್ತಿದ್ದದ್ದು ಒಂದು ಆ್ಯಪ್. ಕಣ್ಣು ಕಾಣದವರು ಹೆಡ್‌ಫೋನ್ ಹಾಕಿಕೊಂಡರೆ, ಹೋಗಬೇಕಾದ ದಿಕ್ಕಿನಿಂದಲೇ ಒಂದು ಧ್ವನಿ ಕರೆಯುತ್ತದೆ. ಅದರ ಹಿಂದೆ ನಡೆದರಾಯಿತು. ಒಂದು ದಿನ ಅವನು ಅವಳೆದುರು ನಿಂತು, "ನಿನ್ನ ಧ್ವನಿ ಬೇಕಿತ್ತು ಕಣೇ" ಎಂದ. ಅವಳು ತಕ್ಷಣ ತಲೆ ಬಾಚಿಕೊಂಡು ಬಂದು (ಧ್ವನಿಗೆ ತಲೆ ಯಾಕೆ ಬಾಚಬೇಕೋ!) ಮೈಕಿನ ಮುಂದೆ, "ರೀ, ಇಲ್ಲಿ ಬನ್ನಿ" ಎಂದಳು.

ಅಂದಿನಿಂದ ಅವನು ಕಣ್ಣು ಮುಚ್ಚಿ, ಕೈ ಚಾಚಿ, ಮನೆ ತುಂಬ ಆ ಧ್ವನಿಯ ಹಿಂದೆ ಓಡಾಡಿದ. ಅವಳೇ ಊಟಕ್ಕೆ ಕರೆದರೆ ಮಾತ್ರ ಬರುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ತನ್ನದೇ ಧ್ವನಿಯ ಮೇಲೆ ಸವತಿಮತ್ಸರ ಪಟ್ಟ ಮೊದಲ ಹೆಂಗಸು ಅವಳೇ ಇರಬೇಕು.

ಮೊನ್ನೆ ಸ್ಟೋರ್‌ರೂಮಿನ ಬಲ್ಬು ಹೋಗಿತ್ತು. ಫೋನಿನ ಟಾರ್ಚ್ ಹಿಡಿದು ಒಳಗೆ ಹೋದಳು. ಬಾಗಿಲು ಗಾಳಿಗೆ ಬಡಿದುಕೊಂಡು ಹೊರಗಿನ ಚಿಲಕ ಬಿತ್ತು.

"ರೀ, ಇಲ್ಲಿ ಬನ್ನಿ!"

ಹೊರಗೆ ಗಂಡನ ಸ್ವಗತ ಕೇಳಿಸಿತು. "ನಾನು ಗುರಿ ಇಟ್ಟಿದ್ದು ಅಡುಗೆಮನೆ. ಇದ್ಯಾಕೆ ಸ್ಟೋರ್‌ರೂಮಿಂದ ಕರೀತಿದೆ?"

ಅವಳು ಇನ್ನೂ ಜೋರಾಗಿ ಕೂಗಿದಳು. ಅವನು ವಾಲ್ಯೂಮ್ ಇಳಿಸಿದ. ಫೋನ್ ಮಾಡಿದಳು. ಕಟ್ ಮಾಡಿದ. ಕತ್ತಲಿಗೆ ಅವಳು ಹೆದರಲಿಲ್ಲ. ಕರೆದರೆ ಬರುವವರು ಯಾರೂ ಇಲ್ಲ ಎಂಬುದೇ ಅವಳನ್ನು ಅಳಿಸಿತು. ಕೊನೆಗೆ ತನ್ನ ಫೋನಿನಲ್ಲೂ ಅವನು ಆ ಆ್ಯಪ್ ಹಾಕಿಕೊಟ್ಟದ್ದು ನೆನಪಾಗಿ, ಅವನ ಹೆಡ್‌ಫೋನಿನ ಧ್ವನಿಯನ್ನು ತನ್ನ ಕಡೆಯಿಂದ ಕರೆಸುವ ‘ಗುರಿ ಇಲ್ಲೇ’ ಎಂಬ ಬಟನ್ ಒತ್ತಿದಳು.

ತಕ್ಷಣ ಹೆಜ್ಜೆ ಸಪ್ಪಳ. ಆಮೇಲೆ ಬಾಗಿಲಿಗೆ ಹಣೆ ಬಡಿದ ಸದ್ದು.

"ಸರಿಯಾಗಿ ಬಂದು ತಲುಪಿದೆ!" ಚಿಲಕ ತೆಗೆದವನು ಹಣೆ ಉಜ್ಜುತ್ತಾ ಕುಣಿದ.

"ನಾನು ಒಳಗೇ ಸತ್ತಿದ್ರೂ ನಿಮಗೆ ಗೊತ್ತಾಗ್ತಿರಲಿಲ್ಲ ಅಲ್ವಾ?"

"ತಡಿ ತಡಿ! ದಾರಿ ತಪ್ಪಿದವರನ್ನ ಎಚ್ಚರಿಸೋಕೆ ಇಂಥದ್ದೇ ಧ್ವನಿ ಬೇಕಿತ್ತು. ಬಾ, ಕೂತ್ಕೊಂಡು ಬೈಯಿ."

ಹೆಡ್‌ಫೋನ್ ತೆಗೆದಿಟ್ಟು ಮೈಕನ್ನು ಅವಳ ಕಡೆ ತಿರುಗಿಸಿದ. ಅವಳು ಶುರು ಮಾಡಿದಳು. ಕುಕ್ಕರ್ ಬಂತು, ಅಕ್ಕ ಬಂದಳು, ಮಂಡಿ ಬಂತು, ಫ್ರಿಜ್ಜೂ ಬಂತು. ಅವನು ಗಲ್ಲಕ್ಕೆ ಕೈ ಕೊಟ್ಟು ಅವಳ ಮುಖವನ್ನೇ ನೋಡುತ್ತಾ ಕೇಳಿದ. ನಡುವೆ ಒಮ್ಮೆ, "ಯಾವ ಮಂಡಿ?" ಎಂದೂ ಕೇಳಿದ. "ಎಡಗಡೇದು" ಎನ್ನುವಾಗ ಅವಳ ದನಿ ಅದುರಿತು.

ಎಲ್ಲ ಮುಗಿದ ಮೇಲೆ ಅವನು ಬಗ್ಗಿ ನೋಡಿ ಅದೇ ಹಣೆಯನ್ನು ಚಚ್ಚಿಕೊಂಡ. "ಅಯ್ಯೋ, ರೆಕಾರ್ಡ್ ಒತ್ತೋದೇ ಮರೆತೆ ಕಣೇ! ಎಲ್ಲಾ ಇನ್ನೊಂದ್ಸಲ ಬೈತೀಯಾ?"

ಅವಳಿಗೆ ಸಿಟ್ಟು ಬರಬೇಕಿತ್ತು. ಒಂದು ಲೋಟ ನೀರು ಕುಡಿದು, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಕುಕ್ಕರಿನಿಂದ ಮತ್ತೆ ಶುರು ಮಾಡಿದಳು.