ಗುಟ್ಟಿನ ಕನ್ನಡ ಆನ್‌ಲೈನ್ ಆದದ್ದು

ಈ ವರ್ಷ ಆಡಿ ತಿಂಗಳು, ಅಂದರೆ ನಿಮ್ಮ ಆಷಾಢ, ಮುಗಿಯುವುದರೊಳಗೆ ನಮ್ಮ ಟವೆಲ್ ಅಂಗಡಿ ಉದ್ಧಾರವಾಗದಿದ್ದರೆ ಆವಣಿ ಮೊದಲನೇ ದಿನ ಅಲ್ಲಿ ಬೇಕರಿ ತೆರೆಯತಕ್ಕದ್ದು ಎಂದು ನನ್ನ ಹೆಂಡತಿ ಮಲ್ಲಿಗಾ ರಾಜಾಜ್ಞೆ ಹೊರಡಿಸಿದಳು. ಬೇಕರಿ ಇಡುವವನು ಅವಳ ಅಣ್ಣ ಸೆಂದಿಲ್. ಆ ಪುಣ್ಯಾತ್ಮ ಆಗಲೇ ಟೇಪು ಹಿಡಿದು ಕಾರಮಡೈನಿಂದ ನಮ್ಮೂರು ಅವಿನಾಶಿಗೆ ಬಂದು, ನಾನು ಕುರ್ಚಿಯಲ್ಲಿ ಕೂತಿರುವಾಗಲೇ ನನ್ನ ಸುತ್ತ ಅಳತೆ ತೆಗೆದುಕೊಂಡ.

“ಮಾಪಿಳ್ಳೆ, ಸ್ವಲ್ಪ ಕಾಲು ಎತ್ತುಂಗ” ಎಂದ. ಎತ್ತಿದೆ. ಅಳೆದ. ನನ್ನ ಕುರ್ಚಿಯಿರುವ ಜಾಗಕ್ಕೆ ಪಫ್ಸ್ ಬಿಸಿ ಮಾಡುವ ಗಾಜಿನ ಪೆಟ್ಟಿಗೆ ಬರುತ್ತದಂತೆ.

“ಏನುಂಗ, ಮುಖ ಊದಿಸ್ಕೋಬೇಡಿ” ಎಂದಳು ಮಲ್ಲಿಗಾ. “ಬೆಳಗಿಂದ ಸಂಜೆಗಂಟ ಕಡೈಲಿ ಕೂತು ನೊಣ ಹೊಡಿತೀರ. ಬೇಕರಿ ಆದ್ರೆ ನೊಣಾನೂ ಬರತ್ತೆ, ಜನಾನೂ ಬರ್ತಾರೆ.” (ಅಂಗಡಿಗೆ ನಾವು ಕಡೈ ಅನ್ನುವುದು. ಕನ್ನಡವೇ, ಆದರೆ ತಮಿಳುನಾಡಿನ ನೀರು ಕುಡಿದ ಕನ್ನಡ.)

“ಅದು ನಮ್ಮಪ್ಪಾರು ಕಟ್ಟಿದ ಕಡೈ!”

“ನಿಮ್ಮಪ್ಪಾರು ಕಟ್ಟಿದಾಗ ಮುಂದೆ ಬಸ್ ನಿಲ್ತಿತ್ತು.”

ಕೊಯಮತ್ತೂರು-ಸೇಲಂ ಬಸ್ಸುಗಳೆಲ್ಲ ಊರೊಳಗೇ ಬರುತ್ತಿದ್ದ ಕಾಲ ಅದು. ಕಂಡಕ್ಟರು ನಮ್ಮ ಅಂಗಡಿಯ ಹೆಸರು ಹೇಳಿಯೇ ವಿಸಿಲ್ ಊದುತ್ತಿದ್ದ. ಬಾಗಿಲಲ್ಲಿ ಒಂದು ಬಿದಿರಿನ ಕೋಲು, ಅದರ ತುದಿಗೆ ಒಂದು ಬಿಳಿ ಟವೆಲ್. ಅಷ್ಟೇ ನಮ್ಮ ಜಾಹೀರಾತು. ದೀಪಾವಳಿಗೆ ತಿಂಗಳಿರುವಾಗ ಅಪ್ಪ ಲಿಂಗಪ್ಪನ್ ಅವರು ಕಟ್ಟುಗಟ್ಟಲೆ ಪೋಸ್ಟ್ ಕಾರ್ಡ್ ತರಿಸಿ ಒಬ್ಬೊಬ್ಬ ಗಿರಾಕಿಗೂ ಕೈಯಾರೆ ಬರೆಯುತ್ತಿದ್ದರು: ಮಗಳಿಗೆ ಹೆರಿಗೆ ಆಯಿತೇ, ಎಮ್ಮೆ ಕರು ಹಾಕಿತೇ, ಹೊಸ ಸರಕು ಬಂದಿದೆ ಬನ್ನಿ. ವ್ಯಾಪಾರದ ಮಾತು ಯಾವಾಗಲೂ ಎಮ್ಮೆಯ ನಂತರವೇ. ಆ ಕಾರ್ಡುಗಳ ಮೇಲೆ ಅಂಚೆಚೀಟಿಯಂತೆ ಅಂಟಿಕೊಂಡಿತ್ತು ನನ್ನ ಬಾಲ್ಯ. ಈಗ ಬಸ್ಸುಗಳು ಊರಿನ ಹೊರಗಿಂದಲೇ ಹಾರಿ ಹೋಗುತ್ತವೆ.

ಆಗ ನನಗೊಂದು ಮಹಾ ಯೋಚನೆ ಹೊಳೆಯಿತು. ತಿರುಪ್ಪೂರಿನಲ್ಲಿ ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ಮಾರ್ಕೆಟಿಂಗ್ ಬಗ್ಗೆ ಒಂದು ದಿನದ ಉಚಿತ ತರಗತಿ, ಮಧ್ಯಾಹ್ನ ಊಟವೂ ಉಂಟು ಎಂದು ಕೇಳಿದೆ. ಹೋದೆ. ದಿವಾಕರ್ ಎಂಬ ಮೇಷ್ಟರು ಪಾಠ ಮಾಡಿದರು. ವೆಬ್‌ಸೈಟ್ ತೆರೆದ ತಕ್ಷಣ ನೀವು ಏನು ಮಾರುತ್ತೀರಿ ಎಂದು ಕಾಣಬೇಕು ಎಂದರು. ನಾನು ಬಿದಿರಿನ ಕೋಲು ಎಂದು ಬರೆದುಕೊಂಡೆ. ಹಳೆಯ ಗಿರಾಕಿಗಳ ಪಟ್ಟಿ ಇಟ್ಟು ಆಗಾಗ ಇಮೇಲ್ ಕಳಿಸಿ ಎಂದರು. ಪೋಸ್ಟ್ ಕಾರ್ಡ್ ಎಂದು ಬರೆದುಕೊಂಡೆ. ಜನ ಏನೆಂದು ಹುಡುಕುತ್ತಾರೋ ಆ ಪದಗಳು ಪುಟದಲ್ಲಿರಲಿ, ಮ್ಯಾಪಿನಲ್ಲಿ ಅಂಗಡಿಯ ಗುರುತು ಹಾಕಿ, ಗಿರಾಕಿಗಳಿಂದ ನಾಲ್ಕು ಮಾತು ಬರೆಸಿ, ವಿಡಿಯೋ ಮಾಡಿ ಎಂದರು. ಇಷ್ಟೂ ಕೆಲಸವನ್ನು ಅಪ್ಪ ಒಂದು ಕಡ್ಡಿಪೆನ್ನಿನಲ್ಲಿ ಮಾಡಿದ್ದರಲ್ಲ ಎಂದು ಊಟಕ್ಕೆ ಕೂತಾಗ ಹೆಮ್ಮೆಯಿಂದ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಬನಿಯನ್ ವ್ಯಾಪಾರಿ ಸಾಂಬಾರು ಖಾರವೇ ಎಂದು ಕೇಳಿದ.

ವೆಬ್‌ಸೈಟ್ ಅವತಾರವೆತ್ತಿತು. ಏನು ಮಾರುತ್ತೀರಿ ಎಂದು ಮೊದಲು ಕಾಣಬೇಕಲ್ಲ? ನನ್ನದೇ ದೊಡ್ಡ ಫೋಟೋ ಹಾಕಿಸಿದೆ, ಹೆಗಲ ಮೇಲೆ ಟವೆಲ್ ಸಹಿತ. ಮಲ್ಲಿಗಾ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

“ಏನುಂಗ ಇದು, ನೀವು ಎಲೆಕ್ಷನ್‌ಗೆ ನಿಂತಿದೀರ?”

ಮ್ಯಾಪಿನ ಗುರುತನ್ನು ನಾನೇ ಹಾಕಿದೆ. ಕೊಯಮತ್ತೂರಿಗೆ ಹೋಗಿದ್ದವನು ಉಕ್ಕಡಂ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ, ಸಮಯ ಹಾಳು ಮಾಡಬಾರದೆಂದು, ‘ಈಗ ಇರುವ ಸ್ಥಳ’ ಎಂಬುದನ್ನು ಒತ್ತಿಬಿಟ್ಟೆ. ಎರಡು ದಿನದ ಮೇಲೆ ಒಬ್ಬ ಗಿರಾಕಿ ಫೋನ್ ಮಾಡಿ, ನಾನು ನಿಮ್ಮ ಅಂಗಡಿ ಬಾಗಿಲಲ್ಲೇ ಇದ್ದೇನೆ, ಎಲ್ಲಿ ನೋಡಿದರೂ ಮೀನೇ ಕಾಣುತ್ತಿದೆ ಎಂದ. (ಉಕ್ಕಡಂನಲ್ಲಿ ಮೀನು ಮಾರ್ಕೆಟ್ಟೂ ಇದೆ.) ನಾನು ಅವಿನಾಶಿಗೆ ಬನ್ನಿ ಎಂದೆ. ಆತ ಅಂದದ್ದನ್ನು ಇಲ್ಲಿ ಬರೆಯಲಾರೆ. ಮೀನು ತೆಗೆದುಕೊಂಡು ಮನೆಗೆ ಹೋದನಂತೆ.

ಇನ್ನು ಗಿರಾಕಿಗಳ ನಾಲ್ಕು ಮಾತು. ಗಿರಾಕಿಗಳೇ ಇಲ್ಲವಲ್ಲ, ನೆಂಟರಿಗೆ ಹೇಳಿದೆ. ಒಂದೇ ರಾತ್ರಿಗೆ ಇಪ್ಪತ್ತಾರು ಮಂದಿ ಐದೈದು ನಕ್ಷತ್ರ ಸುರಿಸಿದರು. ಬೆಳಿಗ್ಗೆ ಓದಿದರೆ, ‘ಮಾಮ ಚಿನ್ನದಂಥವರು’, ‘ಮಲ್ಲಿಗಾ ಅತ್ತೆ ಕೈ ರಸಂ ಅಪಾರ’, ‘ಸೊಸೆ ಹುಡುಕಿ ಕೊಟ್ಟ ಉಪಕಾರ ಮರೆಯೆವು’ ಎಂದೆಲ್ಲ ತಮಿಳಿನಲ್ಲಿ ಬರೆದಿದ್ದರು. ಒಬ್ಬನೇ ಒಬ್ಬ ಟವೆಲ್ ಬಗ್ಗೆ ಬರೆದಿದ್ದ: ‘ಇನ್ನೂ ಕೊಂಡಿಲ್ಲ.’ ಆಡಿ ಅರ್ಧ ಕಳೆಯಿತು. ಸೆಂದಿಲ್ ಬಂದು ಗೋಡೆಗೆ ಯಾವ ಬಣ್ಣ ಎಂದು ಕೇಳಿ ಹೋದ.

ಉಳಿದದ್ದು ವಿಡಿಯೋ ಒಂದೇ. ಅದನ್ನು ಹೇಳುವ ಮುಂಚೆ ನಮ್ಮ ಮನೆತನದ ರಹಸ್ಯವೊಂದನ್ನು ಹೇಳಬೇಕು. ನಾವು ಮನೆಯಲ್ಲಿ ಆಡುವುದು ಕನ್ನಡ. ಎಷ್ಟು ತಲೆಮಾರಿನಿಂದ ಇಲ್ಲಿದ್ದೇವೆಂದು ನಮಗೇ ಗೊತ್ತಿಲ್ಲ. ಓದಿದ್ದು, ಬರೆದದ್ದು, ಬೀದಿಯಲ್ಲಿ ಜಗಳ ಕಾದದ್ದು ಎಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಎಂದರೆ ನಮಗೆ ಜಿಲೇಬಿ ಸಾಲು. ಆದರೆ ಅಂಗಡಿಯಲ್ಲಿ ಕನ್ನಡದಷ್ಟು ದುಡಿದ ಭಾಷೆ ಇನ್ನೊಂದಿಲ್ಲ. ಅಪ್ಪ ತಮಿಳಿನಲ್ಲಿ “ವಾಂಗಮ್ಮಾ, ಉಕ್ಕಾರುಂಗ” ಎಂದು ಗಿರಾಕಿಯನ್ನು ಕೂರಿಸಿ, ಅದೇ ನಗುಮುಖದಲ್ಲಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಲೇ, ನಾದಿನಿಗೆ ಕೊಡಕೆ ಬಂದವ್ರೆ, ತೆಳ್ಳಂದು ತೆಗಿ. ದಪ್ಪಂದಕ್ಕೆ ಕೈ ಹಾಕಬೇಡ” ಎನ್ನುವರು. ಎದುರಿಗಿದ್ದವರಿಗೆ ಒಂದಕ್ಷರ ತಿಳಿಯದು. ಮಲ್ಲಿಗಾ ಬಂದ ಮೇಲೆ ಈ ಕಲೆ ಇನ್ನೂ ಬೆಳೆಯಿತು. ಗಿರಾಕಿಯ ಮುಂದೆ ಟವೆಲ್ ಮಡಿಸುತ್ತಾ, ನಗುನಗುತ್ತಾ, ನಾವಿಬ್ಬರೂ ಎಂಥೆಂಥ ಜಗಳ ಆಡಿದ್ದೇವೆ! ನೋಡಿದವರು, ಸರಕಿನ ವಿಷಯ ಎಷ್ಟು ಚೆನ್ನಾಗಿ ಮಾತಾಡಿಕೊಳ್ಳುತ್ತಾರೆ ಎಂದು ಮೆಚ್ಚಿ ಹೋಗುತ್ತಿದ್ದರು.

ವಿಡಿಯೋ ದಿನ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನಾನು ಬರೆದಿಟ್ಟುಕೊಂಡ ಭಾಷಣವನ್ನು ಸೆಂದಮಿಳಿನಲ್ಲಿ, ಅಂದರೆ ಅಚ್ಚ ಗ್ರಾಂಥಿಕ ತಮಿಳಿನಲ್ಲಿ, ಗುಡುಗಿದೆ. ಪಕ್ಕದಲ್ಲಿ ಮಲ್ಲಿಗಾ ನಗುತ್ತಾ ಟವೆಲ್ ಹಿಡಿದು ತೋರಿಸುತ್ತಿದ್ದಳು. ನಡುನಡುವೆ, ರೂಢಿಯಂತೆ, ಕನ್ನಡದಲ್ಲಿ ಏನೇನೋ ಅನ್ನುತ್ತಲೂ ಇದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. (ಮೂವತ್ತು ವರ್ಷದ ಸಂಸಾರದಲ್ಲಿ ಕಲಿತ ವಿದ್ಯೆ.) ತೆಗೆದದ್ದನ್ನು ಹಾಗೆಯೇ ಏರಿಸಿದೆ.

ನಾಲ್ಕನೇ ದಿನ ಪವಾಡ ನಡೆಯಿತು. ಫೋನು ಟಿಂಗ್ ಎಂದಿತು. ಮತ್ತೆ ಟಿಂಗ್. ಸಂಜೆಯೊಳಗೆ ನಲವತ್ತಮೂರು ಆರ್ಡರ್! ತುಮಕೂರು, ದಾವಣಗೆರೆ, ಮಂಡ್ಯ, ಹುಬ್ಬಳ್ಳಿ, ನಾನು ಕಂಡರಿಯದ ಊರುಗಳು. ಅಷ್ಟೂ ಮಂದಿ ಬಿಳಿ ಅಂಚಿನ ಈರಿಳೆ, ಅಂದರೆ ಎರಡೆಳೆ ನೇಯ್ಗೆಯ, ಟವೆಲನ್ನೇ ಕೇಳಿದ್ದರು. ನಾನು ಹತ್ತು ನಿಮಿಷ ಹೊಗಳಿದ್ದ ನೀಲಿ ಟವೆಲ್ ಒಬ್ಬರಿಗೂ ಬೇಡ. ಇರಲಿ ಬಿಡಿ, ನನ್ನ ವಾಕ್ಚಾತುರ್ಯ ಎಂದರೆ ಸುಮ್ಮನೆಯೇ? ಸೆಂದಿಲ್‌ಗೆ ಫೋನ್ ಮಾಡಿ, “ಮಚ್ಚಾನ್, ಪಫ್ಸ್ ಪೆಟ್ಟಿಗೆಗೆ ಬೇರೆ ಜಾಗ ನೋಡ್ಕೋಳುಂಗ. ಮಾರ್ಕೆಟಿಂಗ್ ಅನ್ನೋದು ಎಲ್ರಿಗೂ ಬರಲ್ಲ” ಎಂದೆ. ಮಲ್ಲಿಗಾಳಿಗೂ ಸ್ವಲ್ಪ ಪಾಠ ಮಾಡಿದೆ. ಪಾಪ, ಕೇಳಿಕೊಂಡಳು.

ಮರುದಿನ ತುಮಕೂರಿನಿಂದ ಫೋನ್ ಬಂತು. ವಯಸ್ಸಾದ ಹೆಂಗಸಿನ ಧ್ವನಿ, ಸ್ವಚ್ಛ ಕನ್ನಡ.

“ನಮಸ್ಕಾರ, ನಾನು ಅಂಬುಜಮ್ಮ ಅಂತ. ಕನ್ನಡ ಮೇಡಂ ಆಗಿದ್ದೆ, ರಿಟೈರಾಗಿದೀನಿ. ಆರು ಟವೆಲ್ ಹೇಳಿದ್ನಲ್ಲ, ಬಿಳಿ ಅಂಚಿಂದೇ ಕಳಿಸ್ಬೇಕಪ್ಪ. ಮರೆತು ನೀಲಿ ಹಾಕ್ಬಿಟ್ಟೀರಿ!”

“ನೀಲಿಗೇನಮ್ಮ? ಕಲರ್ ಗ್ಯಾರಂಟಿ...”

“ನಿಮ್ಮ ಬನಿಯನ್ನೆಲ್ಲಾ ನೀಲಿ ಆಗಿತ್ತಂತಲ್ಲ?”

ನಾನು ಕುರ್ಚಿಯಿಂದ ಎದ್ದೆ. “ಯಾರ್ ಹೇಳಿದ್ದು?”

“ನಿಮ್ಮ ಮನೆಯವರೇ! ವಿಡಿಯೋದಲ್ಲಿ. ನೀವು ಆ ಕಡೆ ಗ್ಯಾರಂಟಿ ಅಂತ ಕೂಗ್ತಾ ಇದ್ರೆ, ಈ ಕಡೆ ಅವರು, ‘ನೀಲಿ ತೋರಿಸ್ಬೇಡುಂಗ, ಬಣ್ಣ ಬಿಡತ್ತೆ, ಬಿಳಿ ಅಂಚಿಂದೇ ಒಳ್ಳೇದು, ಮಾವ ಇದ್ದಾಗಿಂದ ಅದೇ ಮಗ್ಗದವ್ರು ನೇಯೋದು’ ಅಂತಾರೆ. ಆಮೇಲೆ, ‘ಹೊಟ್ಟೆ ಒಳಗೆ ಎಳ್ಕೊಳುಂಗ’ ಅಂದ್ರು. ನಮ್ಮ ಬೀದಿಲಿ ಎಲ್ಲಾರೂ ನೋಡಿದ್ವಿ. ಎಷ್ಟು ನಕ್ಕಿದೀವಿ ಗೊತ್ತಾ!”

ಅಯ್ಯೋ ದೇವರೇ! ಅವಿನಾಶಿಯಲ್ಲಿ ಯಾರಿಗೂ ಗೊತ್ತಿಲ್ಲದ ನಮ್ಮ ಗುಟ್ಟಿನ ಭಾಷೆಯನ್ನು ಕೋಟಿಗಟ್ಟಲೆ ಜನ ಹಗಲಿಡೀ ಬಹಿರಂಗವಾಗಿ ಮಾತಾಡುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ವಿಡಿಯೋ ಈಗಲೇ ಅಳಿಸಿಬಿಡುತ್ತೇನೆ ತಾಯಿ ಎಂದೆ.

“ಅಳಿಸಿಗಿಳಿಸೀರಿ! ಆ ಕೊನೇ ಮಾತು ಕೇಳಿ ನಾನು ಅತ್ತಿದೀನಿ” ಎಂದರು.

“ಯಾವ ಮಾತು?”

“ಅಲ್ಲಪ್ಪ, ಪಕ್ಕದಲ್ಲೇ ನಿಂತಿದ್ರಲ್ಲ ನೀವು? ನೀವು ಚೀಟಿ ಹುಡುಕ್ತಾ ಇರೋವಾಗ ಟವೆಲ್ ಸವರ್ತಾ ಹೇಳಿದ್ರು. ‘ಮಾವ ಕಟ್ಟಿದ ಕಡೈ ಮುಚ್ಚಕೆ ನನಗೇನ್ ಆಸೆನಾ? ಬೆಳಿಗ್ಗೆ ಎದ್ದು ಬರೋರಿಲ್ಲದ ಕಡೈಗೆ ನೀರು ಚಿಮುಕ್ಸಿ ಕೂತ್ಕೊತಾರೆ ಇವ್ರು. ಹೀಗೆ ಒಣಗೋದು ನೋಡಕ್ಕಾಗಲ್ಲ’ ಅಂತ. ನಮ್ಮಜ್ಜಿ ಮಾತಾಡಿದ ಹಾಗಿತ್ತು.”

ಫೋನ್ ಇಟ್ಟೆ. ಮೊಳದ ದೂರದಲ್ಲಿ ನಿಂತು ಹೆಂಡತಿ ಆಡಿದ ಮಾತು ತುಮಕೂರು ಸುತ್ತಿ ನನ್ನ ಕಿವಿಗೆ ಬೀಳಬೇಕಾಯಿತಲ್ಲ ಎಂದು ನನ್ನ ಮೇಲೇ ನಾಚಿಕೆಯಾಯಿತು. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ಒಳಗೆ ಮಲ್ಲಿಗಾ ಪಾರ್ಸೆಲ್ ಕಟ್ಟುತ್ತಿದ್ದಳು. ಹೋಗಿ ದಾರದ ಒಂದು ತುದಿ ಹಿಡಿದುಕೊಂಡೆ.

“ಗಟ್ಟಿಯಾಗಿ ಹಿಡೀರಿ” ಎಂದಳು.

ಆವಣಿ ಬಂತು. ಸೆಂದಿಲ್‌ನ ಬೇಕರಿ ಎದುರು ಸಾಲಿನಲ್ಲಿ ಆಯಿತು. ಟೀ ಚೆನ್ನಾಗಿದೆ. ನಮ್ಮ ವಿಡಿಯೋಗಳ ಕೆಳಗೆ ಕನ್ನಡದಲ್ಲಿ ಜಿಲೇಬಿ ಸಾಲುಗಳು ಬರತೊಡಗಿದವು. ಓದಲು ಬರಬೇಡವೇ? ಅಂಬುಜಮ್ಮನವರೇ ಒಂದನೇ ತರಗತಿಯ ಪುಸ್ತಕ ಕಳಿಸಿ, ಫೋನಿನಲ್ಲಿ ಪಾಠ ಹೇಳಿ, ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ಅ ಆ ಇ ಈ ತಿದ್ದಿಸಿದರು. (ಈ ಬರಹವನ್ನೂ ಅವರೇ ತಿದ್ದಿದ್ದಾರೆ. ತಪ್ಪಿದ್ದರೆ ಅವರನ್ನು ಕೇಳಿ.)

ಕಾರ್ತಿಕದಲ್ಲಿ ಒಂದು ದಿನ, ಹೊಸ ವಿಡಿಯೋಗೆ ಫೋನ್ ನಿಲ್ಲಿಸಿ ಆಗಿತ್ತು. ಒಂದು ಪ್ರತಿಕ್ರಿಯೆಗೆ ಇನ್ನೂರು ಜನ ಹೃದಯದ ಗುರುತು ಒತ್ತಿದ್ದರು. ಬೆರಳಿಟ್ಟು, ಅಕ್ಷರ ಕೂಡಿಸಿ, ಜೀವನದಲ್ಲಿ ಮೊದಲ ಸಲ ಒಂದು ಪೂರ್ತಿ ಕನ್ನಡ ವಾಕ್ಯ ಓದಿದೆ: ‘ಅಕ್ಕಾ, ಮುಂದಿನ ಸಲ ಅಣ್ಣನ್ನ ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ, ಟವೆಲ್ ಕಾಣಿಸ್ತಿಲ್ಲ.’

“ಏನುಂಗ ಬರ್ದವ್ರೆ?” ಎಂದು ಮಲ್ಲಿಗಾ ಕೇಳಿದಳು. ಅವಳಿಗೆ ಕನ್ನಡ ಓದಲು ಬಾರದು. ನಾನು ಗಂಟಲು ಸರಿಮಾಡಿಕೊಂಡೆ.

“ಅಣ್ಣಾರು ಬಹಳ ಚೆನ್ನಾಗಿ ವಿವರಿಸ್ತಾರೆ, ಇನ್ನೂ ಹೆಚ್ಚು ಮಾತಾಡಲಿ ಅಂತ.”

“ಹಂಗಾ?” ಟವೆಲ್ ಕೊಡವಿ ಬಿಡಿಸಿದಳು. “ಬೆಳಿಗ್ಗೆ ಅಂಬುಜಮ್ಮ ಫೋನಲ್ಲಿ ಓದಿ ಹೇಳಿದಾಗ ಬೇರೆ ತರ ಇತ್ತು. ಸರಿ, ಆ ತುದಿ ಹಿಡ್ಕೊಂಡು ಇನ್ನೂ ಆ ಕಡೆ ಹೋಗುಂಗ. ಇನ್ನೂ. ಹಾಂ, ಅಲ್ಲೇ ನಿಲ್ಲುಂಗ.”

ನಮ್ಮ ವೆಬ್‌ಸೈಟಿಗೆ ನೀವೂ ಒಮ್ಮೆ ಬನ್ನಿ. ಎಲ್ಲ ವಿಡಿಯೋದಲ್ಲೂ ಎಡಗಡೆಯಿಂದ ಒಂದು ಕೈ ಬಂದು ಟವೆಲಿನ ತುದಿ ಹಿಡಿದಿರುತ್ತದೆ. ಅದು ನಾನು.