ವರ್ಷಾ ವರ್ಷಾ ಅದೇ ಸಮುದ್ರ, ಅದೇ ಖೋಲಿ

ದಿವಾಳಿ ಸೂಟಿ ಮುಗದು ಸಾಲಿ ಚಾಲೂ ಆದ ದಿನಾ ನಮ್ಮ ಶಿಕ್ಷಕರ ಖೋಲ್ಯಾಗ ಎಲ್ಲಾರೂ ಒಬ್ಬರಿಗೊಬ್ಬರು "ಎಲ್ಲಿ ಹೋಗಿದ್ರಿ?" ಅಂತ ಕೇಳ್ತಾರ. ನನಗ ಯಾರೂ ಹಂಗ ಕೇಳೂದಿಲ್ಲ. "ಬಾಯಾರ, ಸಮುದ್ರ ಆರಾಮ ಐತೇನ್ರಿ?" ಅಂತಾರ. ನಮ್ಮ ಬೀಗರ ಮನಿ ಸುದ್ದಿ ಕೇಳಿಧಂಗ.

ನಾ ಮಹಾರಾಷ್ಟ್ರದ ಗಡಿಯಾಗ, ಜತ್ತ ತಾಲೂಕಿನ ಉಮದ್ಯಾಗ ಕನ್ನಡ ಸಾಲಿ ಶಿಕ್ಷಕಿ. ತವರಮನಿ ಸನಮಡಿ. ನಮ್ಮ ಮಾವಾರದು ಬೀಜ-ಗೊಬ್ಬರದ ಅಂಗಡಿ. ನಾ ಸೊಸಿಯಾಗಿ ಬರೂಕಿಂತ ಮೊದಲಿಂದನೂ ಈ ಮನಿ ಮಂದಿ ದಿವಾಳಿ ಆದಮ್ಯಾಲ ಕೊಂಕಣದ ಒಂದೇ ಊರಿಗೆ ಹೋಗತಾರ. ಸಮುದ್ರದ ದಂಡಿಗೆ ಒಬ್ಬರು ತಮ್ಮ ಮನ್ಯಾಗಿನ ಎರಡು ಖೋಲಿ ಪ್ರವಾಸಿ ಮಂದಿಗೆ ಕೊಡತಾರ, ಅಲ್ಲೇ ಇಳಕೊಳ್ಳೂದು. ಊರ ಹೆಸರ ಹೇಳೂದಿಲ್ಲ. ಹೇಳಿದ್ರ ನೀವೂ ಬರ್ತೀರಿ, ನಮಗ ಖೋಲಿ ಸಿಗೂದಿಲ್ಲ. ಹ್ವಾದ ಸಲಕೊಮ್ಮೆ ಏನರ ಒಂದು ಆಗೇ ಆಗತೈತಿ. ನೆನಪಾದಷ್ಟು ಹೇಳ್ತೀನಿ.

೧. ನಾವಿಬ್ಬರೂ

ಮದಿವ್ಯಾಗಿ ತಿಂಗಳಾಗಿತ್ತು. ನಮ್ಮ ಮನಿಯವರು ಅಡಗಿಮನಿ ಬಾಗಲದಾಗ ನಿಂತು, ಸಣ್ಣ ದನಿಲೆ, "ಸಮುದ್ರಕ್ಕ ಹೋಗೂನೇನು?" ಅಂದ್ರು. ಬರಗಾಲದ ಜತ್ತ ತಾಲೂಕಿನ ಹುಡಿಗಿಗೆ ಹಂಗ ಕೇಳಿದ್ರ ಏನಾಗಬ್ಯಾಡ! ನಾ ಹಳ್ಳಕ್ಕ ನೀರ ಬಂದ್ರ ಓಡಿ ಹೋಗಿ ನೋಡಿ ಬೆಳದಾಕಿ. ಎರಡು ಹೊಸಾ ಸೀರಿ ಮಡಚಿಟ್ಟೆ. ಕನ್ನಡಿ ಮುಂದ ನಿಂತು ಬಿಸಲಿನ ಚಾಳೀಸ ಹಾಕ್ಕೊಂಡು ನೋಡಕೊಂಡೆ.

ಹೊಂಡೂ ದಿನಾ ಮುಂಜಾನೆ ಬಾಗಲ ಮುಂದ ಬಾಡಗಿ ಜೀಪು ಬಂದು ನಿಂತಿತು. ಒಳಗ ಮಾವಾರು, ಅತ್ತಿ, ಅತ್ತಿಯ ತಂಗಿ, ಆಕಿ ಗಂಡ, ಮತ್ತ ಒಂದು ಬುಟ್ಟಿ ತುಂಬ ಖಡಕ್ ರೊಟ್ಟಿ. ನಾ ನಮ್ಮ ಮನಿಯವರ ಮಾರಿ ನೋಡಿದೆ. ಅವರು, "ಖೋಲಿ ಹ್ವಾದ ವರ್ಷನ ಹೇಳಿಟ್ಟಿದ್ವಿ. ಆವಾಗ ನಿನ್ನ ಗುರ್ತ ಎಲ್ಲಿತ್ತು? ಹಂಗ ನೋಡಿದ್ರ ನೀನೇ ಹೆಚ್ಚಿಗಿ ಬಂದಾಕಿ" ಅಂದ್ರು.

ಅಲ್ಲಿ ಹ್ವಾದಮ್ಯಾಲ ಒಂದ ದಿನಾ ಸಂಜೀಕ ಹೆಂಗೋ ತಪ್ಪಿಸಿಕೊಂಡು ಇಬ್ಬರೂ ಉಸುಕಿನ್ಯಾಗ ಕುಂತ್ವಿ. ಹೊತ್ತು ಮುಳಗಾಕತ್ತಿತ್ತು. ಅವರು ನನ್ನ ಕೈ ಹಿಡದ್ರು. ಅಷ್ಟರಾಗ ನಮ್ಮತ್ತಿ ಏದುಸಿರು ಬಿಡಕೋತ ಬಂದು, ಇಬ್ಬರ ನಡುವ ಜಾಗಾ ಮಾಡಕೊಂಡು ಕುಂತ್ರು. "ಇಬ್ಬರs ಕುಂತೀರಿ, ಬ್ಯಾಸರಾಗಿರಬೇಕಂತ ಓಡಿ ಬಂದ್ನೆವ್ವಾ."

೨. ಯಾಕ?

ನಾಕ ವರ್ಷ ಸುಮ್ಮನಿದ್ದೆ. ಐದನೇದಕ್ಕ ಕೇಳೇಬಿಟ್ಟೆ. ನಾವು ಲಿಂಗವಂತರು, ಮೀನದ ವಾಸನಿಗೆ ಮೂಗ ಮುಚ್ಚಕೊಳ್ಳೂ ಮಂದಿ. ಆ ಊರಾಗ ಗಾಳಿನೂ ಮೀನಾ, ಬಿಸಲಿಗೆ ಒಣಾ ಹಾಕಿದ್ದೂ ಮೀನಾ. ಮತ್ತ ಅಲ್ಲಿಗೇ ಯಾಕ?

ಮಾವಾರು, "ಅಲ್ಲಿ ಮಾಲಕ ನನಗ ಹೆಸರ ಹಿಡದು ಬರ್ರಿ, ಕುಂದ್ರಿ ಅಂತಾನ. ಬ್ಯಾರೆ ಊರಾಗ ಮಾರಿ ನೋಡೂಕಿಂತ ಮೊದಲ ಆಧಾರ ಕಾರ್ಡ ಕೇಳ್ತಾರ" ಅಂದ್ರು.

ನಮ್ಮ ಮನಿಯವರಿಗೆ ಕೇಳಿದ್ರ, "ಅಪ್ಪಗ ಕೇಳು" ಅಂದ್ರು.

ಅತ್ತಿ ಅಕ್ಕಿ ಆರಸಾಕತ್ತಿದ್ರು. ತಲಿ ಎತ್ತಲಾರದs ಹೇಳಿದ್ರು: "ಹೊಸಾ ಊರಿಗೆ ಹ್ವಾದ್ರ ಏನರ ನೋಡಾಕ ತಿರಗಬೇಕಾಗತೈತಿ ತಂಗಿ. ಇಲ್ಲೆ ಎಲ್ಲಾ ನೋಡಿ ಆಗೇತಿ. ಆರಾಮ ಮಲ್ಕೊಬಹುದು."

೩. ಬಾಂಗಡಾ

ಮಾವಾರು ಅಲ್ಲಿ ದಿನಾ ಮುಂಜಾನೆ ಜಳಕಾ, ಪೂಜಿ ಮುಗಿಸಿ, ಹಣಿಗೆ ಇಬತ್ತಿ ಹಚಕೊಂಡು "ಗಾಳಿಗೆ ಹೋಗಿ ಬರ್ತೀನಿ" ಅಂತ ಹೋಗತಿದ್ರು. ಹೋಗೂದು ಎಲ್ಲಿಗೆ ಅಂದ್ರ ದೋಣಿ ಬಂದು ನಿಂದ್ರೂ ಕಡೆ. ಅಲ್ಲಿ ಮೀನದ ಲಿಲಾವ ನಡೀತೈತಿ. ಮೀನ ಅಂದ್ರ ಆಗೂದಿಲ್ಲ, ಖರೆ. ಆದ್ರ ಹುಟ್ಟಾ ವ್ಯಾಪಾರಸ್ಥ, ಲಿಲಾವದ ಕೂಗು ಕೇಳಿದ್ರ ಕಾಲ ತಾವೇ ಆ ಕಡೆ ತಿರಗತಾವ. ದೂರ ನಿಂತು, ಮೂಗಿಗೆ ಟಾವೆಲ್ ಹಿಡಕೊಂಡು, ಯಾವ ಬುಟ್ಟಿ ಎಷ್ಟಕ್ಕ ಹೋತು ಅಂತ ಕೇಳೂದು.

ಒಂದ ದಿನಾ ಗಾಳಿಗೆ ಟೊಪಿಗಿ ಹಾರಾಕತ್ತಿತು. ಹಿಡಕೊಳ್ಳಾಕ ಕೈ ಎತ್ತಿದ್ರು. ಲಿಲಾವದಂವ "ಟೊಪಿಗಿ ಶೇಟಗ ಒಂದು ಬುಟ್ಟಿ ಬಾಂಗಡಾ!" ಅಂತ ಕೂಗಿ, ಕಾಲಾಗ ತಂದು ಇಟ್ಟಬಿಟ್ಟ. ಬಾಂಗಡಾ ಅಂದ್ರ ಅಲ್ಲಿ ಒಂದು ಜಾತಿ ಮೀನ.

ಬ್ಯಾರೆ ಯಾರರ ಇದ್ರ ಬುಟ್ಟಿ ಬಿಟ್ಟು ಓಡತಿದ್ರು. ನಮ್ಮ ಮಾವಾರು ಒಂದು ಗಳಿಗಿ ವಿಚಾರ ಮಾಡಿದ್ರಂತ. ಆಮ್ಯಾಲ ಬುಟ್ಟಿಯಿಂದ ಎರಡು ಮಾರು ದೂರ ನಿಂತು, "ತಾಜಾ ಐತಿ, ಬರ್ರಿ, ನೀವs ಎತ್ತಿಗೊಳ್ರಿ, ನಾ ಮುಟ್ಟೂದಿಲ್ಲ" ಅಂತ ಕೂಗಿ ಅರ್ಧಾ ತಾಸಿನ್ಯಾಗ ಖಾಲಿ ಮಾಡಿದ್ರು. ಮನ್ಯಾಗ ಯಾರಿಗೂ ಹೇಳಲಿಲ್ಲ. ಮನಿ ಮಾಲಕರು ಕಣ್ಣಾರೆ ನೋಡಿ ನನಗೊಬ್ಬಾಕಿಗೆ ಹೇಳಿದ್ರು.

ಮುಂದಿನ ವರ್ಷ ನಾವು ಜೀಪು ಇಳಿಯೂದ್ರಾಗ ಒಬ್ಬ ಮೀನಗಾರ ಹೆಣಮಗಳು ಓಡಿ ಬಂದು, ಮಾವಾರಿಗೆ ಮರಾಠ್ಯಾಗ, "ಶೇಟ, ನಿಮ್ಮ ಬಾಂಗಡಾ ಭಾಳ ಚಲೋ ಇದ್ದವರಿ! ಈ ವರ್ಷ ಯಾವಾಗ?" ಅಂದ್ಲು.

ಅತ್ತಿ ತಿರಗಿ ನಿಂತ್ರು. "ಬಾಂಗಡಾ ಅಂದ್ರ ಏನ್ರಿ?"

ಮಾವಾರ ಮಾರಿ ಬಿಳಿ ಆತು. ಆದ್ರ ಮರಾಠಿ ಕೈ ಹಿಡೀತು. "ಬಾಂಗಡಿ ಅನ್ನಾಕತ್ಯಾಳ. ಬಳಿ. ಈ ಕಡೆ ಮಂದಿ ಹಂಗ ಎಳದು ಮಾತಾಡತಾರ. ಹ್ವಾದ ವರ್ಷ ಹೊತ್ತು ಹೋಗಲಿಲ್ಲಂತ ಸ್ವಲ್ಪ ಬಳಿ ವ್ಯಾಪಾರ ಮಾಡಿದ್ನಿ."

"ಊರ ಮಂದಿಗೆಲ್ಲಾ ಮಾರೀರಿ," ಅತ್ತಿ ಸಿಟ್ಟಿಗೆದ್ರು, "ನಾಳಿಗೆ ನನಗೂ ಒಂದು ಡಜನ್ ತರ್ರಿ!"

೪. ಬಂದ ಕಾರಣ

ಈ ವರ್ಷ ನಾ ಹಟಾ ಹಿಡದೆ. ಯಾಕಂದ್ರ ನನ್ನ ಮಗಳು ಸಾಲ್ಯಾಗ 'ನಾನು ನೋಡಿದ ಊರುಗಳು' ಅಂತ ನಿಬಂಧ ಬರದು, ಒಂದೇ ಸಾಲಿನ್ಯಾಗ ಮುಗಿಸಿದ್ಲು. ಅದನ್ನ ತಿದ್ದಿದಾಕಿ ನಾನೇ. "ಈ ಸಲ ಮಹಾಬಳೇಶ್ವರ. ಇಲ್ಲಂದ್ರ ನಾ ಮತ್ತ ನನ್ನ ಮಗಳು ಸನಮಡಿಗೆ ಹೋಗತೀವಿ" ಅಂದೆ. ಎರಡು ದಿನಾ ಮನ್ಯಾಗ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನಾ ಮಾವಾರು "ಹೂಂ" ಅಂದ್ರು, ಹಲ್ಲ ಕೀಳಸಾಕ ಹೊಂಟವರಗತೆ.

ಆದ್ರ ಒಂದು ಕೆಲಸಾ ಉಳೀತು. ಕೊಂಕಣದ ಮಾಲಕರಿಗೆ ಬರೂದಿಲ್ಲಂತ ಹೇಳವರು ಯಾರು? ಮಾವಾರು ಮಗಗ ಹೇಳಂದ್ರು, ಮಗಾ ತಾಯಿಗೆ ಹೇಳಂದ, ಅತ್ತಿ ನನ್ನ ಕಡೆ ನೋಡಿದ್ರು, ನಾ ಗೋಡಿ ಕಡೆ ನೋಡಿದೆ. ಯಾರೂ ಫೋನ್ ಮಾಡಲಿಲ್ಲ.

ಮಹಾಬಳೇಶ್ವರದಾಗ ಮಾವಾರು ಎರಡು ಸ್ವೆಟರ್ ಹಾಕ್ಕೊಂಡು ಕೊಳ್ಳದ ಅಂಚಿಗೆ ನಿಂತ್ರು. ನಾ ಆಸೇಲೆ, "ಹೆಂಗೈತ್ರಿ ಮಾವಾರ?" ಅಂದೆ.

"ಚಲೋ ಐತಿ. ತಳದಾಗ ನೀರ ಇದ್ರ ಇನ್ನೂ ಚಲೋ ಇರತಿತ್ತು."

ಇಳಕೊಂಡ ಲಾಜಿನ್ಯಾಗ ಒಂದು ದೊಡ್ಡ ವಹಿ ಇಟ್ಟಿದ್ರು. ಹೆಸರು, ಊರು, ಎಷ್ಟು ಮಂದಿ, ಎಲ್ಲಾ ಬರೀಬೇಕು. ಕಡೀಕ 'ಬಂದ ಕಾರಣ' ಅಂತ ಒಂದು ಸಾಲು. ಎಲ್ಲಾರೂ ಅಲ್ಲಿ 'ಪ್ರವಾಸ' ಅಂತ ಬರದಿದ್ರು. ಮಾವಾರು ಪೆನ್ನ ತಗೊಂಡು, ಅಗದಿ ದುಂಡ ಅಕ್ಷರದಾಗ ಬರದ್ರು: ಸೊಸಿ.

೫. ಆರಾಮ ಅದಾರ

ಎರಡನೇ ದಿನಾ ಮುಂಜಾನೆ ಲಾಜಿನ ಮುಂದ ಕುಂತು ಚಹಾ ಕುಡ್ಯಾಕತ್ತಿದ್ವಿ. ಮಾವಾರ ಫೋನ್ ಹೊಡಕೊಂತು. ಕೊಂಕಣದ ಮಾಲಕರು! ಮಾವಾರು ಕದ್ದು ಸಿಕ್ಕವರಗತೆ ಫೋನ್ ಹಿಡಕೊಂಡು ಎದ್ದು ನಿಂತ್ರು. ಅವರ ದನಿ ನಮಗೆಲ್ಲಾ ಕೇಳತಿತ್ತು.

"ಯಾಕ್ರಿ, ಈ ವರ್ಷ ಬರಲಿಲ್ಲ? ಮನ್ಯಾಗ ಎಲ್ಲಾರೂ ಆರಾಮಿಲ್ಲೋ? ನಮ್ಮಾಕಿ ನಿಮ್ಮ ಸಲವಾಗಿ ಮೀನ ಮುಟ್ಟದ ಬ್ಯಾರೆ ಭಾಂಡೆ ತಿಕ್ಕಿ ಇಟ್ಟಾಳ" ಅಂದ್ರು ಅವರು.

ಬ್ಯಾರೆ ಊರಿಗೆ ಬಂದೀವಿ ಅಂತ ಹೆಂಗ ಹೇಳೂದು? ಮಾವಾರು, "ಏನ ಹೇಳ್ಲಿರಿ, ಅಂಗಡ್ಯಾಗ ಭಾಳ ಕೆಲಸ. ಮನಿ ಬಿಟ್ಟು ಹೊರಗ ಬಿದ್ದಿಲ್ಲ ನೋಡ್ರಿ" ಅಂದ್ರು. ಹಿಂದ ಬಾಡಗಿ ಕುದರಿ ಮ್ಯಾಲ ಕುಂತಿದ್ದ ನನ್ನ ಮಗಳು "ಅಜ್ಜಾ, ಫೋಟೋ ತಗೀ!" ಅಂತ ಒದರಿದ್ಲು. ಅತ್ತಿ ಆಕಿ ಬಾಯಿ ಮುಚ್ಚಾಕ ಓಡಿದ್ರು.

"ಹಂಗೇನು!" ಮಾಲಕರ ದನ್ಯಾಗ ಖುಷಿ. "ಹಂಗಾದ್ರ ಚಲೋ ಆತು. ನೀವು ಬರತಿದ್ರಿ ಅಂತ ನಮಗ ಈ ಸೂಟ್ಯಾಗ ಎಂದೂ ಎಲ್ಲೂ ಹೋಗಾಕ ಆಗಿಲ್ಲ. ಈ ಸಲ ನಾವs ನಿಮ್ಮೂರ ನೋಡಾಕ ಹೊಂಟೀವಿ. ಬೆಳಕ ಹರಿಯೂದ್ರಾಗ ಬಿಟ್ಟೀವಿ, ಮಧ್ಯಾಹ್ನಕ್ಕ ಉಮದಿ."

ಮುಂದಿಂದು ಹೇಳಾಕ ಬರೂದಿಲ್ಲ. ಹಸಿ ಬಟ್ಟಿ ಹಂಗs ಚೀಲದಾಗ ತುಂಬಿದ್ವಿ. ಅತ್ತಿ ಅರ್ಧಾ ಕುಡದ ಚಹಾ ಬಿಟ್ಟು ಎದ್ರು. ದಾರ್ಯಾಗ ಮಾವಾರು ಡ್ರೈವರಗ "ಲಗೂನ, ಲಗೂನ" ಅನ್ನೂದ ಬಿಟ್ಟು ಬ್ಯಾರೆ ಮಾತಾಡಲಿಲ್ಲ. ಉಮದಿ ಮುಟ್ಟೂದ್ರಾಗ ಸಂಜಿ ಆಗಿತ್ತು.

ನಮ್ಮ ಮನಿ ಕಟ್ಟಿ ಮ್ಯಾಲ ಮಾಲಕರು, ಅವರ ಹೆಂಡತಿ ಕುಂತಿದ್ರು. ಬಾಜೂ ಮನಿ ಕುರಿ ಕಾಯೂ ಅಜ್ಜ ಅವರಿಗೆ ಚಹಾ ಕುಡಿಸಿ, ಎದುರಿಗೆ ಕುಕ್ಕರಗಾಲಿಲೆ ಕುಂತಿದ್ದ. ನಮ್ಮನ್ನ ನೋಡಿದವನs ಎದ್ದು ಬಂದ.

"ಏ ಸಾವಕಾರ, ಇವರು ಹೆಂಥಾ ಮಂದ್ಯೋ! ಮಧ್ಯಾಹ್ನದಿಂದ ಹೇಳಾಕತ್ತೀನಿ, ಅವರು ಮನ್ಯಾಗಿಲ್ರಿ, ವರ್ಷದಗತೆ ಸಮುದ್ರಕ್ಕ ಹೋಗ್ಯಾರ, ಅಲ್ಲಿ ಹ್ವಾದ್ರ ಗ್ಯಾರಂಟಿ ಸಿಗತಾರ ಅಂತ. ಬಸ್ಸಿನ ಟಾಯಿಮೂ ಹೇಳೀನಿ. ಏಳವಲ್ರು! 'ಅಜ್ಜಾ, ಆ ಸಮುದ್ರದವರs ನಾವು' ಅಂತ ನಗತಾರ!"

ಮಾಲಕರು ನಮ್ಮನ್ನ ಮ್ಯಾಲಿಂದ ಕೆಳಗ ನೋಡಿದ್ರು. ಮಾವಾರ ಮೈಮ್ಯಾಲ ಎರಡು ಸ್ವೆಟರ್, ಅತ್ತಿ ತಲಿಗೆ ಮಫ್ಲರ್, ನನ್ನ ಕೈಯಾಗ ಸ್ಟ್ರಾಬೆರಿ ಜಾಮಿನ ಬಾಟ್ಲಿ. ಇಷ್ಟ ವರ್ಷದ ಗೆಳೆತನ ಇಲ್ಲಿಗೇ ಮುಗೀತು ಅನಕೊಂಡೆ.

ಮಾವಾರು ಮಾತ್ರ ಮುಂದ ಹೋಗಿ, ಅವರ ಎರಡೂ ಕೈ ಹಿಡಕೊಂಡು ಹೇಳಿದ್ರು: "ಅಜ್ಜ ಹೇಳೂದು ಖರೆ ಐತ್ರಿ. ನಿಮ್ಮ ಫೋನ್ ಬಂದಮ್ಯಾಲ ಮನಸ ತಡೀಲಿಲ್ಲ. ನಿಮ್ಮ ಊರಿಗೇ ಹೋಗಿದ್ವಿ. ನಿಮ್ಮ ಮನಿಗೆ ಕೀಲಿ ಹಾಕಿತ್ತು. ಅದಕ್ಕ ತಿರಗಿ ಬಂದ್ವಿ."

"ಕೀಲಿ?" ಮಾಲಕರ ತುಟಿ ಅಂಚಿನ್ಯಾಗ ನಗಿ ಮೂಡಿತು. "ನಮ್ಮ ಮನಿಗೆ ಕೀಲಿ ಯಾರ ಹಾಕಿದ್ರಿ? ನಮ್ಮ ಅವ್ವ ಮನ್ಯಾಗs ಅದಾಳ!"

ಮಾವಾರು ರೆಪ್ಪಿ ಬಡೀಲಿಲ್ಲ. "ಹೌದೌದು, ಭೆಟ್ಟಿ ಆಗಿದ್ರು. ಆರಾಮ ಅದಾರ್ರಿ. 'ಅವಸರಾ ಮಾಡಬ್ಯಾಡ, ಇನ್ನೂ ಎಂಟ ದಿನಾ ಅಲ್ಲೇ ಇದ್ದು ಬಾ' ಅಂತ ಹೇಳಿ ಕಳಿಸ್ಯಾರ."