ಹೊಗೆ ಕೊಳವೆಗೆ ಕಟ್ಟಿದ ದೀಪ

ಗಂಡನ ಮೇಲೆ ದೂರು ಹೇಳುವುದರಲ್ಲಿ ಒಂದು ಸುಖವಿದೆ. ಮದುವೆಯಾದ ಯಾವ ಹೆಂಗಸೂ ಇದನ್ನು ಅಲ್ಲಗಳೆಯಲಾರಳು. ಆದರೆ ದೂರು ಕೇಳುವವರಿಗೆ ಅರ್ಥವಾಗುವಂಥದ್ದಾಗಿರಬೇಕು. ಹಿರಿಯೂರಿನ ನಮ್ಮ ಓಣಿಯ ನಲ್ಲಿಯ ಹತ್ತಿರ ಸೇರಿದಾಗ ಒಬ್ಬಳು ತನ್ನ ಗಂಡನ ಇಸ್ಪೀಟಿನ ಕತೆ ಹೇಳುತ್ತಿದ್ದಳು, ಇನ್ನೊಬ್ಬಳು ನಶ್ಯದಿಂದ ಕಲೆಯಾದ ದಿಂಬಿನ ಕತೆ ಹೇಳುತ್ತಿದ್ದಳು. ಉಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ಏನು ಹೇಳಲಿ? ನಮ್ಮ ಮನೆಯವರಿಗೆ ಬಿಸಿ ದಂಡವಾಗುವುದನ್ನು ಕಂಡರೆ ತಡೆಯಲಾಗುವುದಿಲ್ಲ ಎಂದು ಒಂದು ದಿನ ಧೈರ್ಯ ಮಾಡಿ ಹೇಳಿಯೇಬಿಟ್ಟೆ. ಎಲ್ಲರೂ ನನ್ನ ಮುಖ ನೋಡಿದರು. ಆಮೇಲೆ ಒಬ್ಬಾಕೆ, ಕುಡಿಯೋದಿಲ್ಲ ತಾನೇ, ಎಂದು ವಿಚಾರಿಸಿದಳು. ಇಲ್ಲ ಎಂದೆ. ಹಂಗಾದ್ರೆ ಸುಮ್ನಿರು ಎಂದು ಕೊಡ ಎತ್ತಿಕೊಂಡು ಹೊರಟುಹೋದಳು.

ಇದು ಎಪ್ಪತ್ತರ ದಶಕದ ಮಾತು. ನಮ್ಮ ಮನೆಯವರು ಊರಿನ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಇಂಜಿನ್ ಮೇಸ್ತ್ರಿ. ಮಿಲ್ಲಿಗೆ ಅಂಟಿಕೊಂಡಂತೆ ಎರಡು ಕೋಣೆಯ ಮನೆಯೊಂದನ್ನು ಮಾಲೀಕರು ನಮಗೆ ಬಿಟ್ಟುಕೊಟ್ಟಿದ್ದರು. ಅಡಿಗೆಮನೆಯ ಗೋಡೆಯ ಈಚೆ ನಾನು, ಆಚೆ ಆ ಡೀಸೆಲ್ ಇಂಜಿನ್ನು. ಅದರ ಹೊಗೆ ಕೊಳವೆ ನಮ್ಮ ಹಿತ್ತಲಿನ ಕಡೆಗೆ ಬಾಯಿ ತೆರೆದುಕೊಂಡಿತ್ತು. ನಾನು ಒಣಹಾಕಿದ ಸಂಡಿಗೆಗೆ ಅದು ತನ್ನ ಪಾಲಿನ ಮಸಿ ಹಾಕದೆ ಬಿಡುತ್ತಿರಲಿಲ್ಲ. ಸದ್ದಂತೂ ಕೇಳಲೇಬೇಡಿ. ತವರಿಗೆಂದು ತುರುವನೂರಿಗೆ ಹೋದರೆ, ನಾನು ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದ್ದಕ್ಕೇ ನಮ್ಮಮ್ಮ, ಯಾಕೆ ತಾಯಿ ಜಗಳಕ್ಕೆ ಬಂದಿದೀಯಾ ಎನ್ನುತ್ತಿದ್ದಳು. ಆ ಇಂಜಿನ್ನಿನ ಪಕ್ಕದಲ್ಲಿ ಸಂಸಾರ ಮಾಡಿದವಳಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿರುತ್ತದೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು.

ಇವರಿಗೆ ಮಾತ್ರ ಆ ಸದ್ದೂ ಮಸಿಯೂ ತೊಂದರೆಯೇ ಅಲ್ಲ. ಇವರ ಸಂಕಟ ಬೇರೆ. ಸುರಿದ ಡೀಸೆಲ್ಲಿನಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಗಾಣ ತಿರುಗಿಸುವುದಕ್ಕೆ ಸಲ್ಲುತ್ತದಂತೆ. ಉಳಿದದ್ದೆಲ್ಲ ಬಿಸಿಯಾಗಿ ಕೊಳವೆಯಿಂದ ಆಕಾಶಕ್ಕೆ ಹೋಗುತ್ತದಂತೆ. ಊಟಕ್ಕೆ ಕೂತಾಗ ಇದೇ ಮಾತು. ನಾನು ಸಾರು ಬಡಿಸುತ್ತಿದ್ದರೆ ಇವರ ಕಣ್ಣು ನನ್ನ ಹಿಂದಿನ ಒಲೆಯ ಮೇಲೆ. ಪಾತ್ರೆ ಇಳಿಸಿದ ಮೇಲೆ ಒಲೆ ಸುಮ್ಮನೆ ಬಿಸಿಯಾಗಿರುವುದನ್ನು ನೋಡಲಾರದೆ ಎದ್ದುಹೋಗಿ ಒಂದು ಚೊಂಬು ನೀರನ್ನಾದರೂ ಇಟ್ಟು ಬರುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಬೇಡದ ಬಿಸಿನೀರು ಸದಾ ಇರುತ್ತಿತ್ತು. ಇಂಜಿನ್ನನ್ನು ಮಾತ್ರ ಒಂದು ದಿನವೂ ಬೈದವರಲ್ಲ. ಪಾಪ, ಅದಕ್ಕೆ ಕೊಟ್ಟಿದ್ದನ್ನು ಪೂರ್ತಿ ಅರಗಿಸಿಕೊಳ್ಳೋ ಶಕ್ತಿ ಇಲ್ಲ ಎಂದು ಮನೆಯ ಹಿರಿಯರ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು.

ಹೀಗಿರುವಾಗ ಡೀಸೆಲ್ ಬೆಲೆ ಏರಿತು. ಮಾಲೀಕರು ಇರುತ್ತಿದ್ದುದು ಚಿತ್ರದುರ್ಗದಲ್ಲಿ, ಮಿಲ್ಲಿಗೆ ಅವರ ಸುದ್ದಿ ಗುಮಾಸ್ತರ ಮೂಲಕ ಬಂತು. ಆಯುಧಪೂಜೆ ಕಳೆದ ಮೇಲೆ ಇಂಜಿನ್ ಮಾರಿ ಕರೆಂಟಿನ ಮೋಟಾರು ಹಾಕಿಸುತ್ತಾರಂತೆ. ಮೇಸ್ತ್ರಿಗೆ ಏನೂ ತೊಂದರೆಯಿಲ್ಲ, ಮೋಟಾರು ನೋಡಿಕೊಂಡು ಇರಲಿ ಎಂದೂ ಹೇಳಿ ಕಳಿಸಿದ್ದರು. ಒಳ್ಳೆಯ ಮನುಷ್ಯರೇ. ನಿಜ ಹೇಳುತ್ತೇನೆ, ಸುದ್ದಿ ಕೇಳಿದ ಕೂಡಲೇ ನಾನು ಮನಸ್ಸಿನಲ್ಲೇ ಸಂಡಿಗೆಗೆ ಅಕ್ಕಿ ನೆನೆಹಾಕಿಬಿಟ್ಟೆ. ಆದರೆ ಇವರು ಅವತ್ತು ಊಟಕ್ಕೆ ಕೂತವರು ಒಲೆಯ ಕಡೆ ತಿರುಗಿಯೂ ನೋಡಲಿಲ್ಲ. ಒಲೆ ತನ್ನ ಪಾಡಿಗೆ ಬಿಸಿಯಾಗಿತ್ತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಆ ಇಂಜಿನ್ನಿಗೆ ಅಡಿಪಾಯದ ಕಲ್ಲು ಹಾಕಿದ ದಿನದಿಂದ ಇವರು ಅಲ್ಲಿದ್ದವರು. ಅದು ಕೆಮ್ಮಿದರೆ ಯಾವ ಭಾಗದಲ್ಲಿ ಕೆಮ್ಮಿತು ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಮೋಟಾರಿಗೆ ಏನಿದೆ, ಗುಂಡಿ ಒತ್ತಿದರೆ ತಿರುಗುತ್ತದೆ, ಒತ್ತಿದರೆ ನಿಲ್ಲುತ್ತದೆ. ಮಕ್ಕಳಿಲ್ಲದ ಮನೆ ನಮ್ಮದು. ಇವರ ಕೈ ಸುಮ್ಮನಾದರೆ ಮನುಷ್ಯರೇ ಸುಮ್ಮನಾಗುತ್ತಾರೆ ಎನ್ನಿಸಿತು. ಹೀಗೆ ಒಂದೇ ಊಟದ ಹೊತ್ತಿನಲ್ಲಿ ನಾನು ಪಕ್ಷ ಬದಲಾಯಿಸಿ ಇಂಜಿನ್ನಿನ ಕಡೆಗೆ ಸೇರಿದೆ.

ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದಿರಲ್ಲ, ಆ ಹೊಗೆಯಿಂದ ಏನಾದರೂ ಮಾಡಿ ತೋರಿಸಿ ಎಂದು ನಾನೇ ಕೆಣಕಿದೆ. ಅಷ್ಟೇ ಸಾಕಾಯಿತು. ಮಾರನೆಯ ದಿನವೇ ಗುಜರಿಯಿಂದ ಲಾರಿಯ ಹಳೆಯ ಗಾಳಿ ಟ್ಯಾಂಕೊಂದು ಮನೆಗೆ ಬಂತು. ಯೋಜನೆ ಇಷ್ಟೇ: ಹೊಗೆ ಕೊಳವೆಯ ಬಾಯಿಗೆ ತಗಡಿನ ಗೂಡು ಕಟ್ಟುವುದು, ಗೂಡಿನೊಳಗೆ ನೀರು ತುಂಬಿದ ಟ್ಯಾಂಕು ಕೂರಿಸುವುದು, ಹೊಗೆಯ ಬಿಸಿಗೆ ನೀರು ಕುದಿದು ಆವಿಯಾಗಿ ಸಣ್ಣ ನಳಿಗೆಯಿಂದ ನುಗ್ಗಿ ಒಂದು ತಗಡಿನ ಚಕ್ರವನ್ನು ತಿರುಗಿಸುವುದು, ಚಕ್ರ ಸೈಕಲ್ಲಿನ ಡೈನಮೊ ತಿರುಗಿಸಿ ದೀಪ ಹತ್ತಿಸುವುದು. ಸಣ್ಣದು ಕೆಲಸ ಮಾಡಿದರೆ ದೊಡ್ಡದು ಮಾಡಿ ಮಿಲ್ಲಿನ ಅಂಗಳಕ್ಕೆಲ್ಲ ಬೆಳಕು ಕೊಡಬಹುದು, ಆಗ ಇಂಜಿನ್ ದುಂದುಗಾರ ಎಂದು ಯಾರೂ ಅನ್ನಲಾರರು ಎಂಬುದು ಇವರ ಲೆಕ್ಕಾಚಾರ. ಚಕ್ರ ಮಾಡಿಕೊಟ್ಟವರು ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ರಹಮತ್ ಸಾಹೇಬರು, ಇವರ ಹಳೆಯ ಸ್ನೇಹಿತರು. ಟ್ಯಾಂಕು ಸಿಡಿಯದಂತೆ ಹೆಚ್ಚಿನ ಆವಿಯನ್ನು ಹೊರಗೆ ಬಿಡುವ ಒಂದು ಉಪಾಯ ಬೇಕಾಗಿತ್ತು. ಅದಕ್ಕೆ ಇಬ್ಬರೂ ಕೂತು ಬಹಳ ಹೊತ್ತು ಯೋಚಿಸಿದರು. ಯೋಚಿಸಿ ಮುಗಿಯುವ ಹೊತ್ತಿಗೆ ನನ್ನ ಕುಕ್ಕರಿನ ಮುಚ್ಚಳದಿಂದ ವಿಷಲ್ಲೂ ಅದು ಕೂರುವ ನಳಿಗೆಯೂ ಮಾಯವಾಗಿದ್ದವು. ಓಣಿಗೆಲ್ಲ ಮೊದಲನೆಯ ಕುಕ್ಕರು ನನ್ನದು. ಅದನ್ನು ತೋರಿಸಿ ನಾನು ಸಾಕಷ್ಟು ಮೆರೆದಿದ್ದೆ. ಆಮೇಲೆ ಬಹಳ ದಿನ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತ, ಕೇಳಿದವರಿಗೆ ಕುಕ್ಕರಿನ ಅಡಿಗೆ ಮೈಗೆ ವಾಯು ಎಂದು ಹೇಳಿಕೊಂಡು ಕಾಲ ಹಾಕಿದೆ.

ಮೊದಲ ಪರೀಕ್ಷೆಯ ದಿನ ನಾನು ಬಾಗಿಲಿನ ಹಿಂದೆ ನಿಂತು ಒಂದೇ ಕಣ್ಣಿನಲ್ಲಿ ನೋಡಿದೆ. ಇಂಜಿನ್ನು ಬಡಿದುಕೊಳ್ಳುತ್ತಿತ್ತು, ಹೊಗೆ ಗೂಡಿನ ಸಂದಿಯಿಂದೆಲ್ಲ ಬರುತ್ತಿತ್ತು, ನನ್ನ ವಿಷಲ್ಲು ಬೇರೆಯವರ ಮನೆಯಲ್ಲಿ ಕೂಗುವ ಹಾಗೆ ಕೂಗಿತು. ಆಮೇಲೆ ಚಕ್ರ ತಿರುಗಿತು, ಸೈಕಲ್ ದೀಪ ಮೊದಲು ಕೆಂಪಗೆ, ಆಮೇಲೆ ಬೆಳ್ಳಗೆ ಹತ್ತಿತು. ನೋಡಿದರೆ ಏನೂ ಅಲ್ಲ, ಹಗಲಿನಲ್ಲಿ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಇವರು ಅದಕ್ಕೆ ಎರಡು ಕೈ ಅಡ್ಡ ಹಿಡಿದು ನೆರಳು ಮಾಡಿ ನನ್ನನ್ನು ಕರೆದು ತೋರಿಸಿದರು. ಇವರ ಮುಖ ನೋಡಿ ನನಗೆ ಅಳು ಬಂತು. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದೆ.

ಈಗ ಮಾಲೀಕರಿಗೆ ತೋರಿಸಬೇಕು. ಅವರು ವರ್ಷಕ್ಕೊಮ್ಮೆ ಆಯುಧಪೂಜೆಗೆ ತಪ್ಪದೆ ಮಿಲ್ಲಿಗೆ ಬರುತ್ತಿದ್ದರು. ಅದಕ್ಕಿಂತ ಒಳ್ಳೆಯ ಮುಹೂರ್ತ ಎಲ್ಲಿದೆ ಎಂದು ನಾವು ಮೂವರೂ, ಅಂದರೆ ಇವರು, ಸಾಹೇಬರು, ನಾನು, ಒಪ್ಪಿಕೊಂಡೆವು. ಗುಮಾಸ್ತರ ಕೈಲಿ ಹೇಳಿಯೂ ಕಳಿಸಿದ್ದಾಯಿತು. ಪೂಜೆಯ ದಿನ ಬೆಳಗ್ಗೆ ಇವರು ಇಂಜಿನ್ನಿಗೆ ಎಣ್ಣೆ ಒರೆಸಿ, ಗಾಲಿಗೆ ವಿಭೂತಿ ಪಟ್ಟೆ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಸರ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು. ಮುಗಿದ ಕೈ ಹಾಗೇ ನಿಂತಿತು. ನಾನು ಹತ್ತಿರ ಹೋದೆ. ಬಿಳಿಚಿಕೊಂಡಿದ್ದರು.

"ಲೇ, ಇವತ್ತು ಇಂಜಿನ್ ಹಾಕಂಗಿಲ್ಲ ಕಣೇ," ಅಂದರು.

ಹೌದಲ್ಲ. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಯಾರಾದರೂ ಮುಟ್ಟುತ್ತಾರೆಯೇ? ನಮ್ಮ ಮನೆಯಲ್ಲಿ ಆ ದಿನ ಈಳಿಗೆಮಣೆಯೂ ಕುಂಕುಮ ಇಟ್ಟುಕೊಂಡು ದೇವರ ಮುಂದೆ ಕೂತಿರುತ್ತಿತ್ತು, ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಿದ್ದೆ. ಇಷ್ಟು ವರ್ಷ ತಾವೇ ಕೈಯಾರೆ ಆ ಇಂಜಿನ್ನನ್ನು ವಿಶ್ರಾಂತಿಗೆ ಕೂರಿಸಿದವರು, ಬಿಸಿಯ ಯೋಚನೆಯಲ್ಲಿ ಇದೊಂದನ್ನು ಮರೆತಿದ್ದರು. ನಾನೂ ಮರೆತಿದ್ದೆ. ಸಾಹೇಬರಂತೂ ಆ ದಿನ ತಮ್ಮ ಸುತ್ತಿಗೆಯನ್ನೂ ತಂದು ಅರಿಶಿನ ಕುಂಕುಮಕ್ಕೆ ಇಟ್ಟಿದ್ದರು. ಅವರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಮಾಲೀಕರ ಕಾರು ಬಂತು.

ಆ ಗಳಿಗೆಯಲ್ಲಿ ನನಗೆ ಬುದ್ಧಿ ಓಡಿತು. ಅದು ಓಡಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಮಿಲ್ಲಿನ ಆಳುಗಳಿಗೆಲ್ಲ ಅವತ್ತು ಹೋಳಿಗೆ ಊಟ, ಅಡಿಗೆ ನನ್ನ ಉಸ್ತುವಾರಿ. ಅಂಗಳದಲ್ಲಿ ತೋಡಿದ ದೊಡ್ಡ ಒಲೆಯ ಮೇಲೆ ಹಂಡೆಯಲ್ಲಿ ಬೇಳೆ ಬೇಯುತ್ತಿತ್ತು, ಕೆಳಗೆ ಮಿಲ್ಲಿನ ಶೇಂಗಾ ಸಿಪ್ಪೆ ಧಗಧಗ ಉರಿಯುತ್ತಿತ್ತು, ಜ್ವಾಲೆ ಹಂಡೆಯ ಸುತ್ತ ಸುಮ್ಮನೆ ಹೊರಗೆ ಬರುತ್ತಿತ್ತು. ಇದೂ ದಂಡದ ಬಿಸಿಯೇ ಅಲ್ಲವೇ, ಟ್ಯಾಂಕನ್ನು ಇಲ್ಲಿಗೆ ತನ್ನಿ ಎಂದೆ. ಇವರು ಒಂದು ಗಳಿಗೆ ನನ್ನನ್ನೇ ನೋಡಿದರು. ಮದುವೆಯಾದಾಗಿನಿಂದ ಇವರು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು. ಟ್ಯಾಂಕು, ಚಕ್ರ, ಡೈನಮೊ ಎಲ್ಲ ಒಲೆಯ ಹತ್ತಿರ ಬಂದವು. ಮಾಲೀಕರು ಪೂಜೆ ಮುಗಿಸಿ, ಬೂದುಗುಂಬಳ ಒಡೆದು, ಏನೋ ತೋರಿಸ್ತೀನಿ ಅಂದಿದ್ರಂತಲ್ಲ ಎನ್ನುತ್ತ ಬಂದು ನಿಂತರು. ವಿಷಲ್ಲು ಕೂಗಿತು. ದೀಪ ಹತ್ತಿತು. ಆಳುಗಳೆಲ್ಲ ಚಪ್ಪಾಳೆ ತಟ್ಟಿದರು.

ಮಾಲೀಕರು ಬಗ್ಗಿ ದೀಪ ನೋಡಿದರು, ಒಲೆ ನೋಡಿದರು, ಸಿಪ್ಪೆಯ ರಾಶಿ ನೋಡಿದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಬಾಳ ಚೆಂದ ಐತೆ ತಿಪ್ಪೇಸ್ವಾಮಿ," ಎಂದು ಇವರಿಗೆ ಅಂದರು. "ಮೋಟರ್ ಹಾಕ್ಸಿದ್ ಮೇಲೆ ಕರೆಂಟ್ ಹೋದ್ರೆ ಅಂಗಳದ ದೀಪಕ್ಕೆ ಏನ್ ಮಾಡಾದು ಅಂತ ನನಗೊಂದು ಅನುಮಾನ ಇತ್ತು. ಸಿಪ್ಪೆ ಉರಿಸಿದ್ರೆ ಆತಲ್ಲ. ಇನ್ನ ಇಂಜಿನ್ ಇಟ್ಕಂಡು ಏನ್ ಮಾಡಾಣ?"

ಇವರು ಬಾಯಿ ತೆರೆದರು. ಇಂಜಿನ್ನಿನ ಹೊಗೆಯಿಂದಲೂ ಹತ್ತುತ್ತದೆ, ಇದು ಅದಕ್ಕೇ ಮಾಡಿದ್ದು ಎಂದು ಹೇಳಬೇಕಿತ್ತು. ಆದರೆ ಹೂವಿನ ಸರ ಹಾಕಿಕೊಂಡು ತಣ್ಣಗೆ ಕೂತಿದ್ದ ಇಂಜಿನ್ನನ್ನು ತೋರಿಸಿ ಏನೆಂದು ಹೇಳುತ್ತಾರೆ? ಹೌದು ಧಣಿ, ಎಂದರು, ಅಷ್ಟೇ. ಮಾಲೀಕರು ಹೋಳಿಗೆ ಉಂಡು, ಒಲೆಯ ಉಪಾಯ ನನ್ನದೆಂದು ಯಾರಿಂದಲೋ ತಿಳಿದು, ನನಗೆ ಒಂದು ಇಳಕಲ್ ಸೀರೆ ಕಳಿಸಿಕೊಡುವುದಾಗಿ ಹೇಳಿ ಹೋದರು. ಕಳಿಸಿಯೂ ಕೊಟ್ಟರು. ಅದನ್ನು ಉಟ್ಟಾಗಲೆಲ್ಲ ನನಗೆ ಕಾರಣವಿಲ್ಲದೆ ಸೆಕೆಯಾಗುತ್ತಿತ್ತು. ಅವತ್ತು ಸಂಜೆ ನಾನು, ಎಲ್ಲ ನನ್ನಿಂದಲೇ ಹಾಳಾಯಿತು ಎಂದು ಅತ್ತೆ. ಇವರು, ನಿನ್ ಒಲೆ ಮಾತ್ರ ಚೆನ್ನಾಗಿ ಉರೀತು ಬಿಡು, ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಇಂಜಿನ್ನನ್ನು ಜವನಗೊಂಡನಹಳ್ಳಿಯ ಕಡೆಯ ರೈತರೊಬ್ಬರು ಬಾವಿಯ ನೀರೆತ್ತುವುದಕ್ಕೆ ಕೊಂಡರು. ಮಿಲ್ಲಿನಲ್ಲಿ ಮೋಟಾರು ಬಂತು. ಸಂಡಿಗೆ ಬೆಳ್ಳಗೆ ಒಣಗಿತು. ಇವರು ತೊಳೆದ ಕೈಯಲ್ಲಿ ಹೋಗಿ ತೊಳೆದ ಕೈಯಲ್ಲೇ ಬರುತ್ತಿದ್ದರು. ಮನೆಯಲ್ಲಿ ಮಾತು ಎಷ್ಟು ಕಡಿಮೆಯಾಯಿತೆಂದರೆ ನಾನು ತವರಿಗೆ ಹೋದಾಗ ನಮ್ಮಮ್ಮ, ಯಾಕೆ ದನಿ ಬಿದ್ದೈತೆ, ಮೈಗೆ ಹುಷಾರಿಲ್ವಾ ಎಂದು ಕೇಳಿದಳು. ಒಂದು ದಿನ ಆ ರೈತರು ತಾವೇ ಬಂದರು. ಇಂಜಿನ್ನು ಬೇರೆ ಯಾರ ಕೈಗೂ ಬಗ್ಗುತ್ತಿಲ್ಲವಂತೆ, ಮೇಸ್ತ್ರಿ ಒಂದು ಸಲ ಬರಬೇಕಂತೆ. ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ರೈತರ ಹೆಂಡತಿ, ಬರ್ರಿ ಅಕ್ಕಾ, ಕುಂತ್ಕಳ್ರಿ ಎಂದು ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಇವರು ಅಂಗಿ ಬಿಚ್ಚಿ ಕೆಲಸಕ್ಕೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಅದು ಒಂದೆರಡು ಸಲ ಕೆಮ್ಮಿ, ಹಳೆಯ ದನಿಯಲ್ಲಿ ಬಡಿದುಕೊಳ್ಳತೊಡಗಿತು. ಮಸಿಯಾದ ಮುಖದಲ್ಲಿ ಇವರು ನಗುತ್ತಿದ್ದುದು ದೂರಕ್ಕೂ ಕಾಣಿಸಿತು. ನನಗೆ ಜೀವ ಬಂದಂತಾಯಿತು.

ಆಗ ನನ್ನ ಕಣ್ಣು ಹೊಗೆ ಕೊಳವೆಯ ಮೇಲೆ ಬಿತ್ತು. ಬಿಸಿ ಹೊಗೆ ಭರಭರನೆ ಆಕಾಶಕ್ಕೆ ಹೋಗುತ್ತಿತ್ತು. ಪಕ್ಕದಲ್ಲೇ ಆ ಹೆಂಗಸು ಹಸಿ ಸೌದೆ ಊದಿ ಊದಿ ನೀರು ಕಾಯಿಸುತ್ತಿದ್ದಳು. ನಾನು ಎದ್ದೆ. ಗೂಡು ಎಲ್ಲಿ ಕಟ್ಟಬೇಕು, ಟ್ಯಾಂಕು ಎಲ್ಲಿ ಕೂರಿಸಬೇಕು, ನೀರಂತೂ ಕಾದೇ ಕಾಯುತ್ತದೆ, ಮನಸ್ಸು ಮಾಡಿದರೆ ದೀಪವೂ ಹತ್ತುತ್ತದೆ, ಮನೆಯಲ್ಲಿ ಕುಕ್ಕರು ಇದೆಯೇ ಎಂದೆಲ್ಲ ಇಂಜಿನ್ನಿನ ಸದ್ದನ್ನು ಮೀರಿಸಿ ಹೇಳತೊಡಗಿದೆ. ಆಕೆ ಊದುಗೊಳವೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಇವರು ಕೈ ಒರೆಸಿಕೊಳ್ಳುತ್ತ ಬಂದು, ಸಾಕು ಬಾರೇ, ಬಸ್ಸಿಗೆ ಹೊತ್ತಾತು, ಹೋಗಾಣ ಎಂದರು. ಆಕೆ ಇವರನ್ನು ಸ್ವಲ್ಪ ಪಕ್ಕಕ್ಕೆ ಕರೆದು, ಅಕ್ಕಾರು ಯಾವಾಗಲೂ ಹಿಂಗೇನಾ ಅಣ್ಣಾ, ಎಂದು ಬಹಳ ಮರುಕದಿಂದ ಕೇಳಿದಳು.